ಬೈಸಿಕೊಳ್ಳಲೆಂದೇ ಮಾಡಿದ ಬೊಂಬೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಾಜಿನ ದೊಡ್ಡ ಕಟ್ಟಡದೊಳಗೆ ಒಬ್ಬರೇ ನಡೆದುಹೋಗುತ್ತಿದ್ದಾರೆ. ಅವರು ಹೆಜ್ಜೆ ಇಟ್ಟಲ್ಲೆಲ್ಲ ತಲೆಯ ಮೇಲಿನ ದೀಪ ತಾನಾಗಿ ಹತ್ತುತ್ತದೆ, ದಾಟಿದ ಮೇಲೆ ತಾನಾಗಿ ಆರುತ್ತದೆ. ಖಾಲಿ ಕುರ್ಚಿಗಳ ಸಾಲು, ಕಪ್ಪಗೆ ಮಲಗಿರುವ ಪರದೆಗಳು, ಬಿಳಿ ಹಲಗೆಯ ಮೇಲೆ ಯಾರೋ ಅರ್ಧಕ್ಕೆ ಬಿಟ್ಟುಹೋದ ಬಾಣದ ಗುರುತುಗಳು ಒಂದು ಕ್ಷಣ ಕಂಡು ಮತ್ತೆ ಕತ್ತಲಿಗೆ ಸೇರುತ್ತವೆ. ಎಲ್ಲರೂ ಮಲಗಿರುವ ಮನೆಯಲ್ಲಿ ಮೊದಲು ಎದ್ದವರ ಹಾಗೆ ಸದ್ದು ಮಾಡದೆ ಮೆಟ್ಟಿಲಿಳಿದು, ಕಾರು ನಿಲ್ಲಿಸುವ ನೆಲಮಾಳಿಗೆಯ ಮೂಲೆಗೆ ಬಂದು, ಅವರು ಒಂದು ಕಬ್ಬಿಣದ ಬಾಗಿಲು ತೆಗೆಯುತ್ತಾರೆ. ಒಳಗಿನಿಂದ ಹಸಿ ಮರದ ವಾಸನೆ ಬರುತ್ತದೆ.

ಇಡೀ ಕಚೇರಿ ಇವರನ್ನು ಕರೆಯುವುದು ಬೊಂಬೆ ಅಕ್ಕ ಎಂದು. ಗರಗಸದ ಸದ್ದು ಮೇಲಿನವರ ತಲೆ ತಿನ್ನಬಾರದೆಂದು ಕೊಯ್ಯುವ ಕೆಲಸವನ್ನೆಲ್ಲ ಜನ ಬರುವ ಮೊದಲೇ ಮುಗಿಸಿಬಿಡುತ್ತಾರೆ. ಇವತ್ತು ಅವರ ಮುಂದಿರುವುದು ಮುಷ್ಟಿ ಗಾತ್ರದ ಒಂದು ಮರದ ತುಂಡು. ಅದರ ಮೂಲೆಗಳನ್ನು ಅಡ್ಡಾದಿಡ್ಡಿ ಕೊಯ್ಯುತ್ತಾರೆ. ಗರಗಸದ ಹಲ್ಲಿನ ಗುರುತು ಹಾಗೇ ಉಳಿದಿದೆ. ಬಲಗೈ ತನ್ನಷ್ಟಕ್ಕೆ ತಾನೇ ಮರ ಉಜ್ಜುವ ಉಪ್ಪುಕಾಗದದ ಕಡೆಗೆ ಹೋಗುತ್ತದೆ. ಎಡಗೈ ಅದನ್ನು ಹಿಡಿದು ಹಿಂದಕ್ಕೆಳೆಯುತ್ತದೆ. ಸ್ವಲ್ಪ ಹೊತ್ತಿಗೆ ಬಲಗೈ ಮತ್ತೆ ಹೊರಡುತ್ತದೆ. ಕೊನೆಗೆ ಅಕ್ಕ ಎದ್ದು, ಉಪ್ಪುಕಾಗದದ ಕಟ್ಟನ್ನೇ ಬೀರುವಿನೊಳಗಿಟ್ಟು ಬೀಗ ಹಾಕುತ್ತಾರೆ.

"ಕಳ್ಳನ ಮುಂದೆ ತಿಜೋರಿ ತೆರೆದಿಟ್ಟ ಹಾಗೆ ಆಗತ್ತೆ" ಎಂದು ನಗುತ್ತಾರೆ. "ಒಳ್ಳೇದಾಗಿ ಮಾಡು ಅಂದ್ರೆ ಈ ಕೈ ಮಾಡತ್ತೆ. ಕೆಟ್ಟದಾಗಿ ಮಾಡು ಅಂದ್ರೆ ಅದಕ್ಕೆ ಅರ್ಥಾನೇ ಆಗ್ತಿಲ್ಲ. ಹುಟ್ಟಿದ ಮೇಲೆ ಯಾರೂ ಹಾಗೆ ಕೇಳಿರಲಿಲ್ಲ ನೋಡಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಚೆನ್ನಾಗಿ ಕುಣಿಯಬಲ್ಲವಳಿಗೆ ಬೇಕೆಂದೇ ತಾಳ ತಪ್ಪು ಎಂದರೆ ಏನಾಗುತ್ತದೆ ಎಂಬುದಕ್ಕೆ ಗಾದೆ ಇನ್ನೂ ಹುಟ್ಟಿಲ್ಲ. ಬೊಂಬೆ ಅಕ್ಕನ ಇವತ್ತಿನ ಪಾಡು ಅದೇ. ಹಾಗೆ ತಾಳ ತಪ್ಪದೆ ಹೋದರೆ ಅವರ ಗಂಡ ಮನೆ ಬಿಟ್ಟು ಹೋಗಬೇಕಾಗುತ್ತದೆ.

ಮೊದಲು ಈ ಬೊಂಬೆಯ ಕತೆ. ಕೈಯಲ್ಲಿ ಹಿಡಿಯುವ ಹೊಸ ಯಂತ್ರವೊಂದನ್ನು ಮಾಡಬೇಕೆಂದು ಮೇಲಿನ ಮಹಡಿಯ ಜಾಣರಿಗೆ ಹೊಳೆಯುತ್ತದೆ. ಅದನ್ನು ಪರದೆಯ ಮೇಲೆ ಬಿಡಿಸುತ್ತಾರೆ, ತಿರುಗಿಸುತ್ತಾರೆ, ಬಣ್ಣ ಹಚ್ಚುತ್ತಾರೆ. ಆದರೆ ಪರದೆಯ ಮೇಲಿನ ಚಿತ್ರವನ್ನು ಹಿಡಿದುಕೊಳ್ಳುವುದು ಹೇಗೆ? ಆಗ ಚಿತ್ರ ನೆಲಮಾಳಿಗೆಗೆ ಇಳಿದು ಬರುತ್ತದೆ. ಅಕ್ಕ ಅದನ್ನು ಮರದಲ್ಲಿ ಕೆತ್ತಿ ಕೊಡುತ್ತಾರೆ. ಒಳಗೆ ತಂತಿಯಿಲ್ಲ, ಜೀವವಿಲ್ಲ. ಆದರೂ ಅಂಗೈಯಲ್ಲಿಟ್ಟುಕೊಂಡರೆ ಅದರ ತೂಕ, ಅಂಚು, ಬೆರಳು ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ತಿಳಿಯುತ್ತದೆ. ಒಂದು ಯಂತ್ರಕ್ಕೆ ಹತ್ತಿಪ್ಪತ್ತು ಬೊಂಬೆಗಳಾದರೂ ಬೇಕು. ಒಮ್ಮೊಮ್ಮೆ ಬೆಳಿಗ್ಗೆ ಕೊಟ್ಟದ್ದನ್ನು ಮಧ್ಯಾಹ್ನಕ್ಕೆ ಬೇಡ ಎನ್ನುತ್ತಾರೆ.

ಬೇಡ ಎನಿಸಿಕೊಂಡವೆಲ್ಲ ಗೋಡೆಯ ಕಪಾಟಿನಲ್ಲಿ ಕುಳಿತಿವೆ. ಕಿವಿಯಂತೆ ಬಾಗಿದ ಒಂದು, ಹೊಳೆಯ ಕಲ್ಲಿನಂತೆ ಉರುಟಾದ ಇನ್ನೊಂದು, ಏನೆಂದು ಅಕ್ಕನಿಗೇ ಮರೆತುಹೋದ ಮತ್ತೊಂದು. ಬೆಳಗಿನ ಹೊತ್ತು ಮೇಲಿನ ಸಣ್ಣ ಕಿಂಡಿಯಿಂದ ಬೆಳಕಿನ ಪಟ್ಟಿಯೊಂದು ಇಳಿದು, ಮರದ ಹೊಟ್ಟಿನ ಧೂಳನ್ನು ಹಾದು, ಈ ಸಾಲಿನ ಮೇಲೆ ನಿಧಾನವಾಗಿ ಸರಿಯುತ್ತದೆ. ಬೆಳಕು ಬಿದ್ದ ಬೊಂಬೆ ಆ ಕ್ಷಣಕ್ಕೆ ಎಚ್ಚರವಾದಂತೆ ಕಾಣುತ್ತದೆ. ಯಾವುದೋ ಊರಿನಲ್ಲಿ ಯಾರದೋ ಜೇಬಿನಲ್ಲಿ ಇರಬೇಕಾಗಿದ್ದ ವಸ್ತುಗಳು ಇವು. ಅಕ್ಕ ವಾರಕ್ಕೊಮ್ಮೆ ಬಟ್ಟೆಯಿಂದ ಒರೆಸುತ್ತಾರೆ.

"ಕನಸಲ್ಲಿ ಒಂದೊಂದು ಸಲ ಇವೆಲ್ಲ ಕೆಲಸ ಮಾಡ್ತಾ ಇರ್ತಾವೆ" ಎನ್ನುತ್ತಾರೆ. "ಜನ ಇವನ್ನ ಕಿವಿಗಿಟ್ಟುಕೊಂಡು ಮಾತಾಡ್ತಾ ಇರ್ತಾರೆ. ಏನು ಮಾತು ಅಂತ ಮಾತ್ರ ಕೇಳಿಸಲ್ಲ."

ಮೇಲಿನ ಮಹಡಿಯ ಗೋಡೆಗಳ ಮೇಲೆ 'ಹೊಸತನವೇ ಉಸಿರು', 'ಬಳಸುವವನೇ ದೊರೆ' ಎಂದೆಲ್ಲ ಆಳೆತ್ತರದ ಅಕ್ಷರಗಳಿವೆ. ನೆಲಮಾಳಿಗೆಯ ಗೋಡೆಯ ಮೇಲಿರುವುದು ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು ಎನ್ನುವ ಬಾಣ ಮಾತ್ರ.

ಅಕ್ಕನ ಅಪ್ಪ ಚಪ್ಪಲಿ, ಬೂಟು ಹೊಲಿಯುವವರಿಗೆ ಕಾಲಿನ ಮರದಚ್ಚು ಮಾಡಿಕೊಡುತ್ತಿದ್ದವರು. ಒಂದೇ ಕೋಣೆಯ ಮನೆ, ಮನೆ ತುಂಬ ಕಾಲುಗಳು. ಮಗಳು ಎಂಟು ಹತ್ತು ವರ್ಷಕ್ಕೇ ಉಳಿ ಹಿಡಿದಳು. "ಅಪ್ಪ ಒಂದು ದಿನಾನೂ ಹೊಗಳಿದವರಲ್ಲ. ಅಚ್ಚು ತಗೊಂಡು ಬೆರಳಾಡಿಸಿ, ಏನೂ ಅನ್ನದೆ ಕೆಳಗಿಟ್ಟರೆ ಪಾಸು. ತಪ್ಪಿದ್ದರೆ ಒಲೆಗೆ" ಎಂದು ನೆನೆಯುತ್ತಾರೆ. ಕಾರ್ಖಾನೆಯ ಪ್ಲಾಸ್ಟಿಕ್ ಅಚ್ಚು ಬಂದ ಮೇಲೆ ಅಪ್ಪನ ಕಸುಬು ಮುಳುಗಿತು. ಮಗಳು ಮೇಜು ಕುರ್ಚಿ ರಿಪೇರಿಗೆ ಇಳಿದರು. ಹಾಗೆ ಅಲುಗಾಡುವ ಮೇಜೊಂದನ್ನು ಸರಿಮಾಡಲು ಈ ಕಟ್ಟಡಕ್ಕೆ ಬಂದಾಗ, ಪಕ್ಕದಲ್ಲೇ ಇಬ್ಬರು ಸೋಪಿನ ತುಂಡನ್ನು ಚಾಕುವಿನಲ್ಲಿ ಕೆರೆಯುತ್ತ ತಮ್ಮ ಯಂತ್ರದ ಆಕಾರಕ್ಕಾಗಿ ಪರದಾಡುತ್ತಿದ್ದರಂತೆ. ಅಕ್ಕ ಉಳಿದ ಮರದ ಚೂರಿನಲ್ಲಿ ಅದನ್ನು ಕೆತ್ತಿ ಮೇಜಿನ ಮೇಲಿಟ್ಟು ಹೊರಟರು. ಬಾಗಿಲು ದಾಟುವ ಮೊದಲೇ ಆ ಇಬ್ಬರೂ ಅವರನ್ನು ಹಿಂದಕ್ಕೆ ಕರೆದರು.

ಮನೆಯಲ್ಲಿ ಹೊಗಳುವವರು ಅಷ್ಟರಲ್ಲಾಗಲೇ ಸಿಕ್ಕಿದ್ದರು. ಅಕ್ಕನ ಗಂಡ ಶಾಲೆಯ ಬಸ್ಸಿನ ಡ್ರೈವರು, ಬಲು ಮೃದು ಮಾತಿನ ಮನುಷ್ಯ. ಹೆಂಡತಿ ಮಾಡಿದ್ದೆಲ್ಲ ಅವರಿಗೆ ಫಸ್ಟ್ ಕ್ಲಾಸ್. ಸ್ಟೂಲು ಫಸ್ಟ್ ಕ್ಲಾಸ್, ಸಾರು ಫಸ್ಟ್ ಕ್ಲಾಸ್, ಸೀದ ಹಾಲಿನ ಕಾಫಿಯೂ ಫಸ್ಟ್ ಕ್ಲಾಸ್. "ಹೊಗಳಿಕೆಗೆ ಹಸಿದು ಬಂದವಳು ನಾನು. ಊಟ ಬಡಿಸಿದ ಹಾಗೆ ಬಡಿಸಿದರು" ಎಂದು ಅಕ್ಕ ನಾಚದೆ ಹೇಳುತ್ತಾರೆ. ಮಕ್ಕಳಿಲ್ಲ. ಇಬ್ಬರೇ, ಎರಡು ಕೋಣೆಯ ಬಾಡಿಗೆ ಮನೆ.

ಕೆಲವು ವರ್ಷಗಳ ಹಿಂದೆ ಗಂಡನ ಕೈ ನಡುಗತೊಡಗಿತು. ಒಂದು ಬೆಳಿಗ್ಗೆ, ಯಾರೂ ಏನೂ ಹೇಳುವ ಮೊದಲೇ, ಬಸ್ಸಿನ ಕೀಲಿಯನ್ನು ಶಾಲೆಯವರ ಮೇಜಿನ ಮೇಲಿಟ್ಟು ನಡೆದುಕೊಂಡು ಮನೆಗೆ ಬಂದರು. ಈಗ ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಅಕ್ಕನ ಸಂಬಳದಿಂದಲೇ ಮನೆ ನಡೆಯುವುದರಿಂದ ಕೆಲಸ ಬಿಡುವಂತಿಲ್ಲ. ಫೋನಿದೆ, ನಿಜ. ಆದರೆ ಗಾಜಿನ ಪರದೆಗೆ ನಡುಗುವ ಬೆರಳಿನ ಭಾಷೆ ತಿಳಿಯದು. ಒಂದು ಸಲ ಮುಟ್ಟಿದರೆ ನಾಲ್ಕು ಸಲ ಎಂದುಕೊಳ್ಳುತ್ತದೆ. ಹೆಂಡತಿಗೆಂದು ಮಾಡಿದ ಕರೆ ಹೋಗಿ ನಲ್ಲಿ ರಿಪೇರಿಯವನಿಗೆ ತಲುಪಿ, ಅವನು ಎರಡು ಸಲ ಪಾನಾ ಹಿಡಿದುಕೊಂಡು ಬಂದದ್ದೂ ಉಂಟು. ಎರಡನೆಯ ಸಲ ಕಾಫಿ ಕುಡಿದು ಹೋದನಂತೆ.

ಆ ಹೊತ್ತಿಗೇ ಕಚೇರಿಯ ತಂಡವೊಂದು ಕೈ ನಡುಗುವವರಿಗಾಗಿ ಒಂದು ಯಂತ್ರ ಮಾಡಲು ಹೊರಟಿತು. ಪರದೆಯಿಲ್ಲ, ಅಂಕಿಗಳಿಲ್ಲ. ಅಂಗೈಯಲ್ಲಿ ಹಿಡಿದು ಒತ್ತಿದರೆ ಬೇಕಾದವರಿಗೆ ಕರೆ ಹೋಗುತ್ತದೆ, ಅದರಲ್ಲೇ ಮಾತನಾಡಬಹುದು. ತಂಡದ ಮುಖ್ಯಸ್ಥೆ ಮೂವತ್ತರ ಆಚೀಚಿನ ಹೆಣ್ಣುಮಗಳು, ಮಾತು ಕಡಿಮೆ. ಅಕ್ಕ ಅವರನ್ನು ಮೇಡಂ ಎನ್ನುತ್ತಾರೆ, ಅವರು ಅಕ್ಕ ಎನ್ನುತ್ತಾರೆ. ಚಿತ್ರ ಕೈಗೆ ಬಂದಾಗ ಅಕ್ಕ ಒಳ್ಳೆಯ ಮರ ಆರಿಸಿ, ಗಂಡನ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಉಜ್ಜಿ ಉಜ್ಜಿ, ಮೆರುಗು ಕೊಟ್ಟು, ಬೆಣ್ಣೆಯಂತೆ ನುಣುಪು ಮಾಡಿದರು. ಇಷ್ಟು ಚೆಂದದ ಬೊಂಬೆ ಆ ಕೋಣೆಯಿಂದ ಎಂದೂ ಮೇಲೆ ಹೋಗಿರಲಿಲ್ಲ.

ಕೈ ನಡುಗುವ ಹತ್ತಾರು ಹಿರಿಯರನ್ನು ಕರೆಸಿ ತೋರಿಸಿದರು. ಎಲ್ಲರೂ ಕೊಂಡಾಡಿದರು. ಒಬ್ಬ ಅಜ್ಜಿ ಅದನ್ನು ಕೆನ್ನೆಗೆ ಒತ್ತಿಕೊಂಡರು. ಮನೆಯಲ್ಲಿ ಗಂಡನೂ ಎಂದಿನಂತೆ ಫಸ್ಟ್ ಕ್ಲಾಸ್ ಎಂದರು. ಅದೇ ಆಕಾರದಲ್ಲಿ, ಅದೇ ನುಣುಪಿನಲ್ಲಿ ನಿಜವಾದ ಯಂತ್ರಗಳನ್ನು ಮಾಡಿ ಕೆಲವು ಮನೆಗಳಿಗೆ ಬಳಸಿ ನೋಡಲು ಕೊಟ್ಟರು. ಅಕ್ಕನ ಮನೆಗೂ ಒಂದು ಬಂತು. ತಿಂಗಳುಗಳು ಕಳೆದರೂ ಯಾವ ಮನೆಯಿಂದಲೂ ಕರೆಗಳು ಹೋಗಲಿಲ್ಲ. ಯಂತ್ರ ಕೆಟ್ಟಿರಲಿಲ್ಲ. ಯಾರೂ ಅದನ್ನು ಒತ್ತುತ್ತಿರಲಿಲ್ಲ, ಅಷ್ಟೇ.

ಒಂದು ಸಂಜೆ ಅಕ್ಕ ಮನೆಗೆ ಬಂದಾಗ ಗಂಡ ಮಲಗುವ ಕೋಣೆಯ ನೆಲದ ಮೇಲಿದ್ದರು. ಮಧ್ಯಾಹ್ನ ಕಾಲು ಜಾರಿ ಬಿದ್ದವರು ಏಳಲಾಗದೆ ಹಾಗೇ ಕುಳಿತಿದ್ದರು. ಎಲುಬು ಮುರಿದಿರಲಿಲ್ಲ. ಒತ್ತಬಾರದಿತ್ತೇ ಎಂದು ಕೇಳಿದ್ದಕ್ಕೆ, "ಯಂತ್ರ ಮಂಚದ ಮೇಲೆ ಮರೆತಿದ್ದೆ ಕಣೇ, ತಪ್ಪು ನನ್ನದು" ಎಂದರು. ಸುದ್ದಿ ತಿಳಿದ ಅವರ ತಂಗಿ, ರೈಲಿನಲ್ಲಿ ಒಂದಿಡೀ ದಿನದ ದಾರಿಯ ಊರಿನಿಂದ ಫೋನು ಮಾಡಿದರು. "ಅತ್ತಿಗೆ, ಅಣ್ಣನ್ನ ಇಲ್ಲಿಗೆ ಕಳಿಸಿಬಿಡಿ. ನಮ್ಮನೇಲಿ ಯಾವಾಗ್ಲೂ ಯಾರಾದ್ರೂ ಇರ್ತಾರೆ. ಕೋಣೆ ಖಾಲಿ ಮಾಡಿಸ್ತೀನಿ." ನಾದಿನಿಯ ಮಾತಿನಲ್ಲಿ ತಪ್ಪು ಹುಡುಕಲು ಅಕ್ಕನಿಗೆ ಏನೂ ಸಿಗಲಿಲ್ಲ. ಈ ತಿಂಗಳು ಮುಗಿಯಲಿ ಎಂದಷ್ಟೇ ಹೇಳಿದರು. ಗಂಡನ ಪೆಟ್ಟಿಗೆ ಅಟ್ಟದಿಂದ ಕೆಳಗಿಳಿದು ಬಾಗಿಲ ಪಕ್ಕ ಕುಳಿತಿತು.

ಕಚೇರಿಯಲ್ಲೂ ದೊಡ್ಡವರು ಯಂತ್ರದ ಕೆಲಸ ನಿಲ್ಲಿಸಲು ಹೊರಟಿದ್ದರು. ಆಗ ಮುಖ್ಯಸ್ಥೆ ಒಂದು ಕೆಲಸ ಮಾಡಿದರು. ಕೆನ್ನೆಗೆ ಒತ್ತಿಕೊಂಡ ಅಜ್ಜಿಯ ಮನೆಯನ್ನು ಹುಡುಕಿಕೊಂಡು ಹೋದರು. ಯಂತ್ರ ಗಾಜಿನ ಬೀರುವಿನಲ್ಲಿ, ಕಸೂತಿಯ ಬಟ್ಟೆಯ ಮೇಲೆ, ಚೀನಿ ಮಣ್ಣಿನ ಗೊಂಬೆಗಳ ನಡುವೆ ಕೂತಿತ್ತು.

"ಯಾಕಮ್ಮ ಬಳಸಲ್ಲ?"

"ಜಾರತ್ತೆ ಮಗಳೇ. ಬಿದ್ದು ಒಡೆದ್ರೆ ಏನು ಗತಿ, ಅಷ್ಟು ಚೆಂದದ್ದು."

"ಜಾರತ್ತೆ ಅಂತ ಅವತ್ತೇ ಯಾಕೆ ಹೇಳಲಿಲ್ಲ?"

"ಪಾಪ, ಯಾರೋ ಅಷ್ಟು ಕಷ್ಟಪಟ್ಟು ಮಾಡಿದ್ದಾರೆ. ಹೇಗೆ ಹೇಳೋದು?"

ಮರುದಿನ ದೊಡ್ಡವರ ಮುಂದೆ ನಿಂತು ಮುಖ್ಯಸ್ಥೆ, ತಪ್ಪು ನನ್ನದು, ಹೊಗಳಲಷ್ಟೇ ಸಾಧ್ಯವಾದ ವಸ್ತುವನ್ನು ಕೈಗೆ ಕೊಟ್ಟು ಅಭಿಪ್ರಾಯ ಕೇಳಿದೆ ಎಂದರು. ಇನ್ನೊಂದೇ ಒಂದು ಸುತ್ತು ಬೇಡಿಕೊಂಡರು. ಆಮೇಲೆ ನೆಲಮಾಳಿಗೆಗೆ ಇಳಿದು ಬಂದು, ಮರದ ಹೊಟ್ಟಿನ ಮೇಲೇ ಕುಳಿತು, "ಅಕ್ಕ, ಈ ಸಲ ಕೆಟ್ಟದಾಗಿ ಮಾಡಿ" ಎಂದರು.

ಅಕ್ಕನಿಗೆ ಮೈಯೆಲ್ಲ ಉರಿಯಿತು. "ನನ್ನ ಕೆಲಸದಲ್ಲಿ ಏನು ಕೊರತೆ ಹೇಳಿ ಮೇಡಂ."

"ಕೊರತೆ ಇಲ್ಲ, ಅದೇ ತೊಂದರೆ. ಊಟಕ್ಕೆ ಕರೆದವರ ಮುಂದೆ ಉಪ್ಪು ಕಡಿಮೆ ಅಂತ ಯಾರಾದ್ರೂ ಹೇಳ್ತಾರಾ? ಅಡುಗೆ ಇನ್ನೂ ಒಲೆ ಮೇಲಿರುವಾಗ ರುಚಿ ನೋಡಿ ಅಂದ್ರೆ ಹೇಳ್ತಾರೆ. ಇದು ಇನ್ನೂ ಒಲೆ ಮೇಲಿದೆ ಅಂತ ಕಾಣಬೇಕು ಅಕ್ಕ. ನೋಡಿದವರು ಧೈರ್ಯವಾಗಿ ಬೈಬೇಕು."

ಅಕ್ಕ ಎರಡು ದಿನ ಆ ಕೆಲಸವನ್ನು ಮುಟ್ಟಲೇ ಇಲ್ಲ. ಮೂರನೆಯ ದಿನ ಮನೆಯ ಬಾಗಿಲ ಪಕ್ಕದ ಪೆಟ್ಟಿಗೆಯನ್ನು ದಾಟಿಕೊಂಡು ಕೆಲಸಕ್ಕೆ ಬಂದವರು, ಒರಟು ಮರದ ತುಂಡೊಂದನ್ನು ಹುಡುಕಿ ತೆಗೆದರು. ಹೀಗೆ ಇವತ್ತಿನ ಬೆಳಗಾಗಿದೆ. ಅಂಟು ಮೆತ್ತಿಕೊಂಡ, ಪೆನ್ಸಿಲ್ ಗೀರುಗಳ, ಒಂದು ಕಡೆ ಸೊಟ್ಟಗಿರುವ ಬೊಂಬೆಯನ್ನು ಅವರು ಎರಡು ಬೆರಳಿನಲ್ಲಿ ಹಿಡಿದು, ಬೇರೆಯವರ ಮಗುವಿನ ಮೂಗು ಒರೆಸುವವರ ಮುಖ ಮಾಡಿಕೊಂಡು, ಮೇಲಕ್ಕೆ ಒಯ್ಯುತ್ತಾರೆ.

ಪರೀಕ್ಷೆಯ ಕೋಣೆ ಚಿಕ್ಕದು. ಒಂದು ಮೇಜು, ಎರಡು ಕುರ್ಚಿ, ಒಂದು ಬದಿಗೆ ತೆಳು ಹಲಗೆಯ ಗೋಡೆ. ಮಾಡಿದವರು ಗೋಡೆಯಾಚೆ ಕೂತು ಕೇಳಬಹುದು, ಬಾಯಿ ಬಿಡುವಂತಿಲ್ಲ. ಇದು ಈ ಕಚೇರಿಯ ಕಟ್ಟುನಿಟ್ಟಾದ ಪದ್ಧತಿ. ಮೊದಲು ಬಂದವರೇ ಅಕ್ಕನ ಗಂಡ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದಾರೆ. ಬೊಂಬೆಯನ್ನು ಕಂಡದ್ದೇ ಗಟ್ಟಿಯಾಗಿ ನಗುತ್ತಾರೆ.

"ಇದೇನು ಮೇಡಂ, ಸೌದೆ ಚೂರು ಕೊಡ್ತಿದ್ದೀರಿ? ಯಾವನೋ ಮರ ಗೊತ್ತಿಲ್ಲದವನು ಮಾಡಿದ್ದಾನೆ. ನಮ್ಮನೆಯವಳ ಕೈಗೆ ಕೊಡಬೇಕಿತ್ತು."

"ಅವರು ಮೊದಲು ಮಾಡಿದ್ದು ಹೇಗಿತ್ತು ಸರ್?"

"ನೋಡೋಕೆ ಫಸ್ಟ್ ಕ್ಲಾಸ್."

"ಹಿಡಿಯೋಕೆ?"

ಗೋಡೆಯಾಚೆ ಅಕ್ಕ ಹಲಗೆಗೆ ಕಿವಿ ಕೊಟ್ಟು ಕುಳಿತಿದ್ದಾರೆ. ಕಿಟಕಿಯ ಬಿಳಿ ಪರದೆ ಗಾಳಿಗೆ ಉಬ್ಬಿ ಮತ್ತೆ ಇಳಿಯುತ್ತದೆ.

"ಅವಳಿಗೆ ಹೇಳಲ್ಲ ಅಂದ್ರೆ ಹೇಳ್ತೀನಿ" ಎನ್ನುತ್ತಾರೆ ಗಂಡ, ದನಿ ತಗ್ಗಿಸಿ.

ಹೂಂ ಎಂದುಬಿಟ್ಟಿದ್ದರೆ ಮುಖ್ಯಸ್ಥೆಗೆ ಬೇಕಾದದ್ದು ಸಿಗುತ್ತಿತ್ತು. ಯಂತ್ರವೂ ಉಳಿಯುತ್ತಿತ್ತೇನೋ. ಆಕೆ ಹಾಗೆ ಮಾಡುವುದಿಲ್ಲ. "ಆ ಮಾತು ಕೊಡೋಕಾಗಲ್ಲ ಸರ್. ಈ ಚೂರು ಮಾಡಿದ್ದೂ ಅವರೇ. ಗೋಡೆ ಆಚೆ ಕೂತಿದ್ದಾರೆ. ನೀವು ಹೇಳದಿದ್ರೂ ಬೇಜಾರಿಲ್ಲ."

ಗಂಡ ಬೊಂಬೆಯನ್ನು ಮತ್ತೆ ನೋಡುತ್ತಾರೆ. ಗರಗಸದ ಗುರುತಿನ ಮೇಲೆ ನಡುಗುವ ಹೆಬ್ಬೆರಳನ್ನು ಎಳೆಯುತ್ತಾರೆ. ಮೂವತ್ತು ವರ್ಷದಲ್ಲಿ ಇಂಥದೊಂದನ್ನು ಆ ಕೈ ಹೊರಗೆ ಬಿಟ್ಟದ್ದಿಲ್ಲ ಎಂದು ಅವರಿಗಿಂತ ಚೆನ್ನಾಗಿ ತಿಳಿದವರು ಯಾರೂ ಇಲ್ಲ. ಯಾಕೆ ಹೀಗೆ ಮಾಡಿದ್ದಾಳೆ ಎಂಬುದು ಅವರಿಗೆ ನಿಧಾನವಾಗಿ ಅರ್ಥವಾಗುತ್ತದೆ. ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಾರೆ.

"ಲೇ, ಕೇಳಿಸ್ತಿದೆಯಾ? ಅವತ್ತು ಅದು ಮಂಚದ ಮೇಲಿರಲಿಲ್ಲ. ನನ್ನ ಕೈಯಲ್ಲೇ ಇತ್ತು. ಒತ್ತೋಕೆ ಹೋದೆ, ಜಾರಿತು. ಎತ್ತಿಕೊಂಡೆ, ಮತ್ತೆ ಜಾರಿತು. ಕೊನೆಗೆ ಮಂಚದ ಕೆಳಗೆ ಹೋಗಿ ಕೂತಿತು. ನೀನು ಬರೋ ತನಕ ನಾನು ಅದನ್ನೇ ನೋಡ್ತಾ ಇದ್ದೆ. ಎಷ್ಟು ಚೆನ್ನಾಗಿ ಹೊಳೀತಿತ್ತು ಗೊತ್ತಾ. ನೀನು ಅದಕ್ಕೆ ಪಟ್ಟ ಪಾಡು ನೆನೆದು ನನಗೆ ಬಾಯಿ ಬರಲಿಲ್ಲ."

ಒಮ್ಮೆ ಬಾಯಿ ತೆರೆದ ಮೇಲೆ ಅವರಿಗೂ ಧೈರ್ಯ ಬಂದಿದೆ. "ಇನ್ನೊಂದು ವಿಷಯ. ಮದುವೆ ಹೊಸದರಲ್ಲಿ ಮಾಡಿಕೊಟ್ಟೆಯಲ್ಲ ಕುರ್ಚಿ, ಅದೂ ಬೆನ್ನಿಗೆ ಚುಚ್ಚತ್ತೆ."

ಬಾಗಿಲು ತೆರೆಯುತ್ತದೆ. ಕಟ್ಟುನಿಟ್ಟಾದ ಪದ್ಧತಿ ಮುರಿದು ಬೊಂಬೆ ಅಕ್ಕ ಒಳಗೆ ಬಂದಿದ್ದಾರೆ. ಕಣ್ಣು ಕೆಂಪಾಗಿದೆ, ಕೈಯಲ್ಲಿ ಉಳಿಯಿದೆ. ಮುಖ್ಯಸ್ಥೆ ತಡೆಯುವುದಿಲ್ಲ, ತಮ್ಮ ಕುರ್ಚಿಯನ್ನೇ ಬಿಟ್ಟುಕೊಡುತ್ತಾರೆ.

"ಕುರ್ಚಿ ವಿಷಯ ಮನೇಲಿ ಮಾತಾಡೋಣ" ಎನ್ನುತ್ತಾರೆ ಅಕ್ಕ. "ಇದು ಎಲ್ಲಿ ಜಾರತ್ತೆ, ಅದನ್ನ ತೋರಿಸಿ."

"ಎಲ್ಲಾ ಕಡೆ ಜಾರತ್ತೆ. ನಾನು ಅದನ್ನ ಹಿಡ್ಕೊಳ್ಳೋಕಾಗಲ್ಲ ಕಣೇ. ಅದೇ ನನ್ನ ಹಿಡ್ಕೋಬೇಕು."

ಅಕ್ಕ ಆ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು ಕಣ್ಣು ಮುಚ್ಚುತ್ತಾರೆ. ನಡುಕ ಅವರ ಅಂಗೈಗೆ, ಮೊಣಕೈಗೆ ಹತ್ತುತ್ತದೆ. ಮೊದಲ ಬೊಂಬೆ ಕೆತ್ತುವಾಗ ಅವರು ನೆನೆದದ್ದು ಈ ಕೈಯನ್ನೇ. ಆದರೆ ನೆನಪಿಗೆ ಬಂದದ್ದು ಬಸ್ಸಿನ ಚಕ್ರ ತಿರುಗಿಸುತ್ತಿದ್ದ ಗಟ್ಟಿ ಕೈ. ಅದು ಈಗ ಇಲ್ಲ. ಇದು ಬೇರೆ ಕೈ, ಇದರ ಗುರುತನ್ನು ಹೊಸದಾಗಿ ಮಾಡಿಕೊಳ್ಳಬೇಕು. ಬಹಳ ಹೊತ್ತು ಹಾಗೇ ಕುಳಿತಿರುತ್ತಾರೆ, ಯಾರೂ ಅವರನ್ನು ಎಬ್ಬಿಸುವುದಿಲ್ಲ.

ಆಮೇಲೆ ಉಳಿ ಓಡುತ್ತದೆ. ಬೊಂಬೆಯ ಬೆನ್ನು ಚಪ್ಪಟೆಯಾಗುತ್ತದೆ. ಎರಡೂ ಬದಿಗೆ ತೂತು ಬೀಳುತ್ತದೆ. ಮುಖ್ಯಸ್ಥೆಯ ಚೀಲದ ಪಟ್ಟಿಯನ್ನು ಕತ್ತರಿಸಿ ತೂತಿನೊಳಗೆ ತೂರಿಸಿ, ಕೈ ಒಳಗಿಟ್ಟರೆ ಬಿಗಿಯಾಗಿ ಕೂರುವ ಬಳೆ ಮಾಡುತ್ತಾರೆ. ಬೆರಳಿನಿಂದ ಒತ್ತುವುದು ಬೇಡ, ಎದೆಗೋ ತೊಡೆಗೋ ನೆಲಕ್ಕೋ ಅಂಗೈಯನ್ನು ಒತ್ತಿ ಹಿಡಿದರೆ ಸಾಕು. ಮಧ್ಯಾಹ್ನದೊಳಗೆ ಬಂದ ಉಳಿದವರೆಲ್ಲ ಆ ಸೌದೆಯ ಚೂರನ್ನು ಮನಸಾರೆ ಬೈಯುತ್ತಾರೆ. ಭಾರ ಎನ್ನುತ್ತಾರೆ, ಚುಚ್ಚುತ್ತದೆ ಎನ್ನುತ್ತಾರೆ. ಕೆನ್ನೆಗೆ ಒತ್ತಿಕೊಂಡಿದ್ದ ಅಜ್ಜಿ ಇದನ್ನು ಮೇಜಿನ ಮೇಲೆ ಕುಕ್ಕಿ, ಪಟ್ಟಿ ಈ ಕಡೆಯಿಂದ ಬರಬೇಕು ಎಂದು ಜಗಳಕ್ಕೇ ನಿಲ್ಲುತ್ತಾರೆ. ಪ್ರತಿ ಬೈಗುಳಕ್ಕೂ ಅಕ್ಕ ಅಲ್ಲೇ ಒಂದು ಚೂರು ಕೆತ್ತುತ್ತಾರೆ. ಸಂಜೆ ಮುಖ್ಯಸ್ಥೆ ಆ ಕುರೂಪಿ ಬೊಂಬೆಯನ್ನೇ ದೊಡ್ಡವರ ಮೇಜಿನ ಮೇಲೆ ಇಡುತ್ತಾರೆ. ಕೆಲಸ ಮುಂದುವರಿಯಲಿ ಎಂಬ ಉತ್ತರ ಬರುತ್ತದೆ.

ಕೆಲವು ವಾರಗಳ ಮೇಲೆ ಇನ್ನೊಂದು ಬೆಳಿಗ್ಗೆ. ತಂತಿ, ಜೀವ ತುಂಬಿದ ಹೊಸ ಯಂತ್ರಗಳು ಮೊದಲಿಗೆ ಕೆಲವು ಮನೆಗಳಿಗೆ ಹೋಗಿವೆ. ನಾದಿನಿಗೆ ಅಕ್ಕ ಫೋನು ಮಾಡಿ, ಕೋಣೆ ಬೇರೆ ಯಾರಿಗಾದರೂ ಆಗಲಿ ಎಂದಿದ್ದಾರೆ. ಕಿಂಡಿಯ ಬೆಳಕು ಕಪಾಟಿನ ಕಡೆ ಸರಿಯುತ್ತಿರುವಾಗ ಮೇಜಿನ ಮೇಲಿನ ಫೋನು ಹೊಡೆದುಕೊಳ್ಳುತ್ತದೆ. ಅಕ್ಕ ಕೈಯ ಧೂಳು ಕೊಡವಿ ಎತ್ತಿಕೊಳ್ಳುತ್ತಾರೆ.

"ಏನ್ರೀ, ಏನಾಯ್ತು?"

"ಏನೂ ಆಗಿಲ್ಲ. ಈ ಪಟ್ಟಿ ಬಿಗಿ ಆಯ್ತು ಕಣೇ. ಅಂಗೈ ಬೆವರತ್ತೆ. ಎಡಗಡೆ ಅಂಚು ಇನ್ನೂ ಸರಿ ಇಲ್ಲ. ನಿನ್ನೆಗಿಂತ ವಾಸಿ, ಆದ್ರೆ ಚೆನ್ನಾಗಿಲ್ಲ."

ಅಕ್ಕ ಹೂಂ, ಹೂಂ ಎನ್ನುತ್ತ ಪಕ್ಕದ ಮರದ ತುಂಡಿನ ಮೇಲೆ ಪೆನ್ಸಿಲ್ಲಿನಿಂದ ಎಡ ಅಂಚು ಎಂದು ಗೀಚಿಕೊಳ್ಳುತ್ತಾರೆ. ಬೆಳಿಗ್ಗೆಯಿಂದ ಇದು ಮೂರನೆಯ ದೂರು. ಫೋನು ಕೆಳಗಿಟ್ಟ ಮೇಲೂ ಅವರ ಮುಖದ ನಗು ಹೋಗುವುದಿಲ್ಲ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಗರಗಸ ಕೈಗೆತ್ತಿಕೊಂಡು ಸ್ವಲ್ಪ ಯೋಚಿಸುತ್ತಾರೆ.

"ಮನೇಲೇ ಇರಲಿ. ಇಡೀ ದಿನ ಹೀಗೇ ಫೋನ್ ಮಾಡಿ ಬೈತಾ ಇರಲಿ. ಅಷ್ಟಾದ್ರೆ ಸಾಕು ನನಗೆ."